ಸರ್ಕಾರದ ಗದ್ಯ

ಪುಸ್ತಕಗಳನ್ನು ಕುರಿತು ನಾಲ್ಕು ಮಾತು ಬರೆಯುವುದು ನನಗೆ ಅಭ್ಯಾಸವಾಗಿ ಹೋದ ಕೆಲಸ. ಈ ವಾರ ಪುಸ್ತಕವಲ್ಲದ ಒಂದನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಅದಕ್ಕೆ ರಟ್ಟಿಲ್ಲ, ಬೆಲೆಯಿಲ್ಲ, ಮುನ್ನುಡಿ ಬರೆದುಕೊಟ್ಟ ಹಿರಿಯರಿಲ್ಲ. ಕರ್ತೃವಿನ ಹೆಸರು ಸಹ ಇಲ್ಲ. ಆದರೂ ಅದಕ್ಕಿರುವಷ್ಟು ಓದುಗರು ನಮ್ಮ ಯಾವ ಕಾದಂಬರಿಕಾರರಿಗೂ ಕನಸಿನಲ್ಲಿ ಕೂಡ ದೊರೆತಿರಲಾರರು. ಬ್ರಿಟಿಷ್ ಸರ್ಕಾರದ ಜಾಲತಾಣ ಅದು. ಹೆಸರು ‘ಗವ್ ಡಾಟ್ ಯುಕೆ’. ೨೦೧೨ನೆಯ ಇಸವಿಯ ಅಕ್ಟೋಬರ್ ೧೭ರಂದು, ಅದುವರೆಗೆ ಇದ್ದ ಎರಡು ದೊಡ್ಡ ಸರ್ಕಾರಿ ತಾಣಗಳನ್ನು ತೆರವು ಮಾಡಿಸಿ ಅವುಗಳ ಜಾಗದಲ್ಲಿ ಬಂದು ಕುಳಿತಿತು. ಮುಂದಿನ ಎರಡು ವರ್ಷಗಳಲ್ಲಿ ೨೪ ಸಚಿವ ಖಾತೆಗಳು, ಅವುಗಳ ಆಶ್ರಯದ ಮುನ್ನೂರಕ್ಕೆ ಮೀರಿದ ಸಂಸ್ಥೆಗಳು ತಮ್ಮ ತಮ್ಮ ಪ್ರತ್ಯೇಕ ಮನೆಗಳನ್ನು ಬಿಟ್ಟು ಈ ಒಂದೇ ಸೂರಿನ ಕೆಳಗೆ ಬಂದವು.

ಇದಕ್ಕೂ ಸಾಹಿತ್ಯ ಪುರವಣಿಗೂ ಏನು ಸಂಬಂಧವೆಂದು ಕೇಳುವವರು ನನ್ನ ಮಿತ್ರರಾದ ಪಂಡಿತರ ವಿಚಾರವನ್ನು ಮೊದಲು ಕೇಳಬೇಕು.

ಪಂಡಿತರು ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿದವರು. ನಿವೃತ್ತರಾದ ಮೇಲೆ ಗ್ಲಾಕೋಮಾ ಎಂಬ ಕಳ್ಳ ರೋಗ ಅವರ ಕಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಕೊಂಡೊಯ್ದಿತು. ಈಗ ಅವರಿಗೆ ಬೆಳಕು ಕತ್ತಲೆಗಳ ಭೇದ ತಿಳಿಯುತ್ತದೆ, ಅಷ್ಟೆ. ಆದರೆ ಸೋಲುವ ಜೀವವಲ್ಲ. ಮೊಮ್ಮಗಳು ಫೋನಿನಲ್ಲಿ ಓದಿ ಹೇಳುವ ಯಂತ್ರಧ್ವನಿಯನ್ನು ಹೂಡಿಕೊಟ್ಟಿದ್ದಾಳೆ. ಪರದೆಯ ಮೇಲೆ ಬೆರಳಾಡಿಸಿದರೆ ಅಲ್ಲಿರುವುದನ್ನು ಅದು ಉಚ್ಚರಿಸುತ್ತದೆ. ಪತ್ರಿಕೆ, ಕಾಗದ, ಬ್ಯಾಂಕಿನ ಲೆಕ್ಕ ಎಲ್ಲವೂ ಅವರಿಗೆ ಈಗ ಕಿವಿಯಿಂದ. ಅದರ ‘ಳ’ಕಾರದ ಉಚ್ಚಾರಣೆ ಸರಿಯಿಲ್ಲವೆಂದು ದಿನಕ್ಕೊಮ್ಮೆ ಗದರಿಸುತ್ತಾರೆ.

ಅವರಿಗೆ ಪಿಂಚಣಿ ಕೊಡುವ ಕಚೇರಿಯ ತಾಣವೊಂದು ಉಂಟು. ಮೊದಲು ಅದು ನೋಡಲು ಬಡವಾಗಿತ್ತು. ಬಿಳಿಯ ಹಾಳೆಯ ಮೇಲೆ ಟೈಪು ಮಾಡಿದಂತೆ ನಾಲ್ಕು ಸುತ್ತೋಲೆಗಳು. ಪಂಡಿತರ ಫೋನು ಅದನ್ನು ಚೆನ್ನಾಗಿಯೇ ಓದುತ್ತಿತ್ತು. ಎರಡು ವರ್ಷಗಳ ಹಿಂದೆ ಅದನ್ನು ‘ನವೀಕರಿಸಿ’ ಸಮಾರಂಭ ಮಾಡಿ ‘ಲೋಕಾರ್ಪಣೆ’ ಮಾಡಿದರು. ಈಗ ಅಲ್ಲಿ ಚಿತ್ರಗಳು ತಾವಾಗಿ ಸರಿಯುತ್ತವೆ. ಒಂದು ಸಾಲು ಅಕ್ಷರ ರೈಲಿನಂತೆ ಅಡ್ಡಲಾಗಿ ಓಡುತ್ತದೆ. ಅಧಿಕಾರಿಗಳ ಭಾವಚಿತ್ರಗಳು ಹಾರದೊಡನೆ ಹೊಳೆಯುತ್ತವೆ. ಕಣ್ಣುಳ್ಳ ನನಗೂ ಸುತ್ತೋಲೆ ಎಲ್ಲಿದೆಯೆಂದು ಕಂಡುಹಿಡಿಯಲು ಹತ್ತು ನಿಮಿಷ ಹಿಡಿಯಿತು. ಪಂಡಿತರ ಫೋನು ಅದರ ಮೇಲೆ ಬೆರಳಿಟ್ಟಾಗ ಹೇಳಿದ್ದು ಇಷ್ಟು: “ಚಿತ್ರ. ಲಿಂಕ್, ಇಲ್ಲಿ ಒತ್ತಿ. ಚಿತ್ರ. ಲಿಂಕ್, ಇಲ್ಲಿ ಒತ್ತಿ. ಲಿಂಕ್, ಇಲ್ಲಿ ಒತ್ತಿ.” ಒತ್ತಿದರೆ ತೆರೆದದ್ದು ಸುತ್ತೋಲೆಯ ಫೋಟೋ. ಫೋಟೋದೊಳಗಿನ ಅಕ್ಷರ ಯಂತ್ರದ ಪಾಲಿಗೆ ಅಕ್ಷರವಲ್ಲ, ಮಸಿಯ ಕಲೆ. ಇನ್ನೊಂದು ಸುತ್ತೋಲೆ ಫೋಟೋ ಆಗಿರಲಿಲ್ಲ. ಆದರೆ ಅದನ್ನು ಹಳೆಯ ಕಾಲದ ಕನ್ನಡ ಅಚ್ಚಿನಲ್ಲಿ ಹೊಡೆದಿದ್ದರು. ಈ ಹಳೆಯ ಅಚ್ಚುಗಳ ಗುಟ್ಟನ್ನು ಅನೇಕರು ಅರಿಯರು. ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತಕ್ಕೆ ಅವು ಸೇರಿದವಲ್ಲ. ಕಣ್ಣಿಗೆ ಕನ್ನಡವಾಗಿ ಕಾಣುವುದರ ಒಳಗೆ ಇಂಗ್ಲಿಷಿನ ಅಕ್ಷರಗಳೂ ಚಿಹ್ನೆಗಳೂ ವೇಷ ಹಾಕಿಕೊಂಡು ಕುಳಿತಿರುತ್ತವೆ. ಫೋನು ವೇಷವನ್ನು ಕಾಣದೆ ಒಳಗಿನದನ್ನೇ ಓದಿತು. ಪಂಡಿತರು ಅರ್ಧ ನಿಮಿಷ ಕೇಳಿ, “ಇದು ಯಾವ ಭೂತಭಾಷೆಯಯ್ಯಾ?” ಎಂದರು.

ನಕ್ಕೆವು. ಆದರೆ ಆ ಸುತ್ತೋಲೆಯಲ್ಲಿ ಇದ್ದದ್ದು, ತಾನು ಇನ್ನೂ ಬದುಕಿರುವೆನೆಂಬ ಪ್ರಮಾಣ ಪತ್ರವನ್ನು ಹೊಸ ನಮೂನೆಯಲ್ಲಿ ಕೊಡಬೇಕೆಂಬ ಸೂಚನೆ. ಅವಧಿ ಮೀರಿತು. ಜನವರಿಯಲ್ಲಿ ಪಿಂಚಣಿ ಬರಲಿಲ್ಲ, ಫೆಬ್ರವರಿಯಲ್ಲಿಯೂ ಬರಲಿಲ್ಲ. ಇಬ್ಬರೂ ಆಟೋ ಹಿಡಿದು ಮೂರು ಸಲ ಹೋಗಿ ಬಂದ ಮೇಲೆ ಪಂಡಿತರು ಸರ್ಕಾರದ ದಫ್ತರಿನಲ್ಲಿ ಪುನರ್ಜನ್ಮ ಪಡೆದರು.

ನಾನು ಗವ್.ಯುಕೆಯ ಪರಿಚಯ ಮಾಡಿಕೊಂಡದ್ದೂ ಆ ಸುಮಾರಿನಲ್ಲಿಯೇ. ನನ್ನ ಮಗಳು ಇಂಗ್ಲೆಂಡಿನ ರೀಡಿಂಗ್ ಪಟ್ಟಣದಲ್ಲಿ ಇರುವಳು. ಬೇಸಿಗೆಗೆ ಬನ್ನಿರೆಂದು ಕರೆದಳು. ವೀಸಾ ಬೇಕೆ, ಎಷ್ಟು ದಿನಕ್ಕೆ, ಏನೇನು ಕಾಗದ ಎಂದು ತಿಳಿಯಲು ತಾಣವನ್ನು ತೆರೆದೆ. ಮೊದಲ ಪುಟದಲ್ಲಿ ಒಂದೇ ಪ್ರಶ್ನೆ: ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು? ಉತ್ತರಿಸಿದರೆ ಮುಂದಿನ ಪುಟ. ಅಲ್ಲಿಯೂ ಒಂದೇ ಪ್ರಶ್ನೆ: ಏತಕ್ಕಾಗಿ ಬರುತ್ತಿದ್ದೀರಿ? ಹೀಗೆ ಒಂದೊಂದೇ ಮೆಟ್ಟಿಲು ಇಳಿಸಿ ಕೊನೆಗೆ, ನಿಮಗೆ ವೀಸಾ ಬೇಕು, ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು, ಎಂದು ಹೇಳಿ ಸುಮ್ಮನಾಯಿತು. ಚಿತ್ರವಿಲ್ಲ, ಸಚಿವರ ಮುಖವಿಲ್ಲ, ಸ್ವಾಗತ ಭಾಷಣವಿಲ್ಲ. ದೊಡ್ಡ ಕಪ್ಪಕ್ಷರ, ಬಿಳಿಯ ಹಿನ್ನೆಲೆ. ಸಪ್ಪೆ ಎಂದುಕೊಂಡೆ. ಸಂಜೆ ಪಂಡಿತರ ಮನೆಗೆ ಹೋದಾಗ ಅದೇ ಪುಟವನ್ನು ಅವರ ಫೋನಿನಲ್ಲಿ ಹಾಕಿಕೊಟ್ಟೆ. ಇಂಗ್ಲಿಷ್ ಬಲ್ಲವರು; ಗಮನವಿಟ್ಟು ಕೇಳಿದರು. ತಲೆಬರಹದಿಂದ ತಲೆಬರಹಕ್ಕೆ ಬೆರಳಿನಿಂದ ಹಾರಿದರು. ಪ್ರತಿಯೊಂದು ಕೊಂಡಿಯೂ ತಾನು ಎಲ್ಲಿಗೆ ಕರೆದೊಯ್ಯುವೆನೆಂದು ಹೇಳಿತು. ‘ಇಲ್ಲಿ ಒತ್ತಿ’ ಎಂಬ ಮಾತು ಒಮ್ಮೆಯೂ ಬರಲಿಲ್ಲ. ಪ್ರಶ್ನೆಗೆ ತಾವೇ ಉತ್ತರ ಒತ್ತಿ ಕೊನೆ ಮುಟ್ಟಿದರು. ಆಮೇಲೆ, “ಇದಕ್ಕೆ ಪದಚ್ಛೇದ ಗೊತ್ತಿದೆ” ಎಂದರು.

ಗಮಕದ ಮಾತು ಅದು. ಕಾವ್ಯ ವಾಚಿಸುವವನು ಷಟ್ಪದಿಯ ಸಂಧಿಗಳನ್ನು ಸರಿಯಾದ ಜಾಗದಲ್ಲಿ ಬಿಡಿಸಿ ಹೇಳಿದರೆ ಮಾತ್ರ ಕೇಳುವವನಿಗೆ ಅರ್ಥ. ರಾಗ ಎಷ್ಟು ಇಂಪಾಗಿದ್ದರೂ ಪದಚ್ಛೇದ ತಪ್ಪಿದರೆ ಕಥೆ ಕೆಟ್ಟಿತು. ನಮ್ಮ ಹಳ್ಳಿಗಳಲ್ಲಿ ಕುಮಾರವ್ಯಾಸನನ್ನು ಬಲ್ಲ ಸಾವಿರಾರು ಜನರಲ್ಲಿ ಹೊತ್ತಗೆ ಹಿಡಿದು ಓದಿದವರು ಎಷ್ಟು ಮಂದಿ? ಜಗಲಿಯ ಮೇಲೆ ಕುಳಿತು ಕೇಳಿದವರೇ ಹೆಚ್ಚು. ಕಿವಿಗಾಗಿ ಬರೆಯುವುದು ನಮಗೆ ಹೊಸ ವಿದ್ಯೆಯೇನೂ ಅಲ್ಲ. ನಮ್ಮ ಕಚೇರಿಗಳಿಗೆ ಮಾತ್ರ ಅದು ಮರೆತಿದೆ.

ಪಂಡಿತರ ಆ ಒಂದು ಮಾತು ನನ್ನನ್ನು ಈ ತಾಣದ ಚರಿತ್ರೆಯ ಬೆನ್ನು ಹತ್ತುವಂತೆ ಮಾಡಿತು. ಇದರ ಮೂಲಕ್ಕೆ ೨೦೧೦ರ ಒಂದು ವರದಿ ಇದೆ. ಮಾರ್ಥಾ ಲೇನ್ ಫಾಕ್ಸ್ ಎಂಬಾಕೆ ಸಂಪುಟ ಕಚೇರಿಯ ಸಚಿವ ಫ್ರಾನ್ಸಿಸ್ ಮಾಡ್ ಅವರಿಗೆ ಕಾಗದದ ರೂಪದಲ್ಲಿ ಬರೆದದ್ದು. ಹಳೆಯ ತಾಣಕ್ಕೆ ಅಲ್ಲಲ್ಲಿ ತೇಪೆ ಹಾಕುವುದರಿಂದ ಆಗದು, ಬುಡದಿಂದ ಬದಲಾಯಿಸಬೇಕು ಎಂದು ಆಕೆಯ ವಾದ. ಮರುವರ್ಷ ಸರ್ಕಾರದೊಳಗೇ ಒಂದು ಪಡೆ ಹುಟ್ಟಿಕೊಂಡಿತು. ೨೦೧೨ರಲ್ಲಿ ಅದು ತನ್ನ ಕೆಲಸಕ್ಕೆ ಹತ್ತು ಸೂತ್ರಗಳನ್ನು ಹಾಕಿಕೊಂಡಿತು. ಜನರಿಗೆ ಏನು ಬೇಕೆಂಬುದರಿಂದ ಹೊರಡು, ಸರ್ಕಾರಕ್ಕೆ ಏನು ಬೇಕೆಂಬುದರಿಂದಲ್ಲ ಎಂಬುದು ಮೊದಲನೆಯದು. ಸರಳವಾಗಿ ಕಾಣಿಸಬೇಕಾದರೆ ಕಷ್ಟವನ್ನು ನೀನು ಪಡು ಎಂಬುದು ಇನ್ನೊಂದು. ಈ ಎರಡನೆಯದನ್ನು ನಮ್ಮ ಕವಿಗಳ ಗೋಷ್ಠಿಯಲ್ಲಿಯೂ ಒಮ್ಮೆ ಓದಬಹುದು.

ಆದರೆ ಇದೆಲ್ಲ ೨೦೧೨ರಲ್ಲಿ ಆಕಾಶದಿಂದ ಉದುರಿತೆಂದು ಭಾವಿಸಬಾರದು. ಸರ್ ಅರ್ನೆಸ್ಟ್ ಗೌವರ್ಸ್ ಎಂಬ ಹಿರಿಯ ಅಧಿಕಾರಿ, ಖಜಾನೆಯ ಕೋರಿಕೆಯಂತೆ, ಸರ್ಕಾರಿ ನೌಕರರು ಇಂಗ್ಲಿಷನ್ನು ಹೇಗೆ ಬರೆಯಬೇಕೆಂದು ೧೯೪೮ರಲ್ಲಿ ‘ಪ್ಲೇನ್ ವರ್ಡ್ಸ್’ ಎಂಬ ಸಣ್ಣ ಪುಸ್ತಕ ಬರೆದರು. ೧೯೫೪ರಲ್ಲಿ ಅದು ಬೆಳೆದು ಇನ್ನೂ ದೊಡ್ಡದಾಗಿ ಬಂದಿತು. ಗವ್.ಯುಕೆಯ ಗದ್ಯ ಆ ಮನೆತನದ ಮೊಮ್ಮಗು. ಅಕ್ಷರಕ್ಕೂ ಇಂಥದೇ ವಂಶಾವಳಿ ಉಂಟು. ತಾಣದ ಅಚ್ಚು, ಬ್ರಿಟನ್ನಿನ ರಸ್ತೆಗಳ ಫಲಕಗಳಿಗಾಗಿ ಜಾಕ್ ಕಿನ್ನಿಯರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಇಬ್ಬರೂ ೧೯೫೦-೬೦ರ ದಶಕಗಳಲ್ಲಿ ರೂಪಿಸಿದ ಅಕ್ಷರದ ಹೊಸ ಅವತಾರ. ವೇಗವಾಗಿ ಹೋಗುತ್ತಿರುವ ಮೋಟಾರಿನಿಂದ, ಮಳೆಯಲ್ಲಿ, ಒಂದು ಕ್ಷಣದ ನೋಟಕ್ಕೆ ಓದಿಸಿಕೊಳ್ಳಬೇಕೆಂದು ಮಾಡಿದ ಅಕ್ಷರ. ಶಾಲೆಯ ಬಳಿಯ ಫಲಕದಲ್ಲಿ ತಮ್ಮನ ಕೈಹಿಡಿದು ಓಡುವ ಹುಡುಗಿಯನ್ನು ಕ್ಯಾಲ್ವರ್ಟ್ ತನ್ನದೇ ಬಾಲ್ಯದ ರೂಪದಿಂದ ಬರೆದಳಂತೆ. ಫಲಕದಲ್ಲಿ ಕೂಡ ಇಷ್ಟು ಆತ್ಮಚರಿತ್ರೆಗೆ ಜಾಗ ಇರುತ್ತದೆ!

ಬರಹಗಾರರಿಗೆ ಈ ತಾಣ ಹಾಕಿಕೊಟ್ಟಿರುವ ಶೈಲಿಯ ಕೈಪಿಡಿಯನ್ನು ನಾನು ರಾತ್ರಿ ಹನ್ನೊಂದರವರೆಗೆ ಓದಿದೆ. ಒಂಬತ್ತು ವರ್ಷದ ಮಗು ಓದಬಲ್ಲ ಮಟ್ಟದಲ್ಲಿ ಬರೆಯಿರಿ, ಇಪ್ಪತ್ತೈದು ಪದ ಮೀರಿದ ವಾಕ್ಯವನ್ನು ಮತ್ತೆ ನೋಡಿ ಮುರಿಯಿರಿ ಎಂಬ ಸಲಹೆಗಳು ಅಲ್ಲಿವೆ. ನನಗೆ ಹೆಚ್ಚು ರುಚಿಸಿದ್ದು ಬಹಿಷ್ಕೃತ ಪದಗಳ ಪಟ್ಟಿ. ‘ಡೆಲಿವರ್’ ಎಂಬುದನ್ನು ಟಪಾಲಿಗೋ ಪೀಜಾಕ್ಕೋ ಬಳಸಿ, ಸುಧಾರಣೆಗಳಿಗೆ ಬೇಡ. ‘ಡ್ರೈವ್’ ಮಾಡುವುದು ವಾಹನವನ್ನು, ಯೋಜನೆಯನ್ನಲ್ಲ. ‘ಕೀ’ ಎಂದರೆ ಬೀಗ ತೆಗೆಯುವಂಥದಿರಬೇಕು. ‘ಟ್ಯಾಕಲ್’ ಕಾಲ್ಚೆಂಡಿನ ಮೈದಾನದಲ್ಲಿರಲಿ. ಶುಷ್ಕವಾದ ನಗೆ ಇದು, ಆದರೆ ಮರ್ಮಕ್ಕೆ ತಾಗುತ್ತದೆ. ರೂಪಕ ಸವೆದು ಹೋದ ಮೇಲೆ ಅದರ ಹಿಂದೆ ಅಡಗಿಕೊಳ್ಳುವುದು ಸುಲಭ. ಯಾರು, ಏನು, ಯಾವಾಗ ಮಾಡುತ್ತಾರೆಂದು ಹೇಳದೆಯೇ ವಾಕ್ಯ ಮುಗಿಸಬಹುದು.

ಓದುತ್ತಾ ನನ್ನ ಮನಸ್ಸು ನಮ್ಮ ಕಡೆಗೇ ಓಡಿತು. ನಾವೂ ಒಂದು ಪಟ್ಟಿ ಮಾಡಿದರೆ ಹೇಗೆ? ‘ಅನುಷ್ಠಾನ’ವನ್ನು ಜಪತಪಗಳಿಗೆ ಬಿಟ್ಟುಕೊಡಬಹುದು. ‘ಚಾಲನೆ’ಯನ್ನು ಬಸ್ಸಿನ ಡ್ರೈವರನಿಗೆ ಹಿಂದಿರುಗಿಸಬಹುದು. ‘ಅರ್ಪಣೆ’ ದೇವರ ಗುಡಿಗೆ. ‘ಸದರಿ’ಯನ್ನು ಎಲ್ಲಿಗೆ ಕಳುಹಿಸಬೇಕೋ ತಿಳಿಯದು, ಅದು ಹುಟ್ಟಿದ ಕಾಲದಿಂದ ಕಚೇರಿಯ ಹೊರಗೆ ಕಾಲಿಟ್ಟಿಲ್ಲ. ಮತ್ತೆ ಆ ‘ತಕ್ಕದ್ದು’! ‘ಸಲ್ಲಿಸತಕ್ಕದ್ದು’ ಎಂಬಲ್ಲಿ ಸಲ್ಲಿಸುವವನು ಯಾರು? ಕ್ರಿಯೆ ಇದೆ, ಕರ್ತೃ ಕಾಣೆ. ಪಂಡಿತರ ಸುತ್ತೋಲೆಯನ್ನು ನಾನು ಅವರಿಗೆ ಓದಿ ಹೇಳಿದಾಗ ಅದರಲ್ಲಿದ್ದ ಮುಖ್ಯ ವಾಕ್ಯ ಇಂಥದು: ಪಿಂಚಣಿದಾರರು ಸದರಿ ಪ್ರಮಾಣ ಪತ್ರವನ್ನು ನಿಗದಿತ ನಮೂನೆಯಲ್ಲಿ ನಿಗದಿತ ದಿನಾಂಕದೊಳಗಾಗಿ ನಿಗದಿತ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು. ಮೂರು ‘ನಿಗದಿತ’ಗಳು, ಯಾವುದು ನಿಗದಿತವೆಂದು ಎಲ್ಲಿಯೂ ಇಲ್ಲ. ತಾರೀಖು ಅನುಬಂಧದಲ್ಲಿತ್ತು. ಅನುಬಂಧ ಇನ್ನೊಂದು ಫೋಟೋ. ಹೀಗೆಂದಮೇಲೆ ಕಣ್ಣಿದ್ದವರಿಗೂ ಆ ಕಚೇರಿ ಕುರುಡನ್ನೇ ಹಂಚುತ್ತಿತ್ತು ಎನ್ನಬೇಕು.

ಇಲ್ಲಿ ಬ್ರಹ್ಮಗಿರಿಯ ಶಾಸನ ನೆನಪಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಕಡೆ ಬಂಡೆಯ ಮೇಲೆ ಅಶೋಕನು ಪ್ರಜೆಗಳಿಗೆ ಕೊರೆಸಿದ ಪ್ರಕಟಣೆ, ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದದ್ದು. ಎಲ್ಲವೂ ಬ್ರಾಹ್ಮೀ ಲಿಪಿಯಲ್ಲಿದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತಾನು ಬರೆದೆನೆಂದು ಹೇಳಿಕೊಳ್ಳುವಾಗ ತನ್ನ ವೃತ್ತಿಯ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಅದು ವಾಯವ್ಯದ ಗಡಿಯ ಲಿಪಿ, ಬಲದಿಂದ ಎಡಕ್ಕೆ ಓಡುವಂಥದು. ಮೊಳಕಾಲ್ಮೂರಿನ ಸುತ್ತ ಅದನ್ನು ಓದಬಲ್ಲವರು ಎಷ್ಟು ಜನ ಇದ್ದಿರಬೇಕು? ಚಪಡನಿಗೆ ತನ್ನ ವಿದ್ಯೆಯ ಮೇಲೆ ಮೋಹ. ಅವನು ಒಂದು ಪದದಲ್ಲಿ ತೃಪ್ತನಾದ, ಪುಣ್ಯಾತ್ಮ. ಸರಿಯುವ ಚಿತ್ರಗಳ ತಾಣ ಕಟ್ಟಿದವರು ಬಂಡೆಯನ್ನೆಲ್ಲ ಖರೋಷ್ಠಿಯಲ್ಲಿ ತುಂಬಿದರು.

ಇಷ್ಟು ಹೊಗಳಿದ ಮೇಲೆ ಗವ್.ಯುಕೆಯ ಕೊರತೆಗಳನ್ನೂ ಹೇಳದಿದ್ದರೆ ವಿಮರ್ಶಕನ ಕೆಲಸ ಆಗದು. ೨೦೧೩ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ವರ್ಷದ ಶ್ರೇಷ್ಠ ವಿನ್ಯಾಸವೆಂದು ಇದಕ್ಕೆ ಬಹುಮಾನ ಕೊಟ್ಟಿತು. ಒಲಿಂಪಿಕ್ ಜ್ಯೋತಿಯ ಕುಂಡ, ಮುಗಿಲು ಮುಟ್ಟುವ ‘ಶಾರ್ಡ್’ ಕಟ್ಟಡ ಮುಂತಾದವು ಎದುರು ನಿಂತಿದ್ದವು. ಸಪ್ಪೆಯಾದ ತಾಣಕ್ಕೆ ಕಿರೀಟವೇ ಎಂದು ಅಲ್ಲಿಯೂ ಹುಬ್ಬೇರಿಸಿದವರು ಉಂಟು. ಆ ಆಕ್ಷೇಪ ನನಗೆ ದೊಡ್ಡದಲ್ಲ. ಬೇರೆ ಎರಡು ಉಂಟು.

ಒಂದು, ಎಲ್ಲ ಖಾತೆಗಳಿಗೂ ಒಂದೇ ದನಿ. ಮೀನು ಹಿಡಿಯುವ ಪರವಾನಗಿಯ ಪುಟ, ಮನೆಯಲ್ಲಿ ಸಾವು ಸಂಭವಿಸಿದಾಗ ಏನು ಮಾಡಬೇಕೆಂಬ ಪುಟ, ಎರಡೂ ಒಂದೇ ಗತಿಯಲ್ಲಿ ನಡೆಯುತ್ತವೆ. ಸಾವಿನ ಪುಟವನ್ನು ಮೊದಲು ಓದಿದಾಗ ನನಗೆ ಚಳಿಯಾಯಿತು. ಸಾವನ್ನು ನೋಂದಾಯಿಸಿ, ಸರ್ಕಾರಕ್ಕೆ ತಿಳಿಸಿ, ಅಂತ್ಯಕ್ರಿಯೆಗೆ ಏರ್ಪಾಡು ಮಾಡಿ ಎಂದು ಮೆಟ್ಟಿಲು ಮೆಟ್ಟಿಲಾಗಿ. ಸಂತಾಪದ ಮಾತುಗಳ ಲೇಪವಿಲ್ಲ. ಎರಡು ದಿನ ಬಿಟ್ಟು ಮತ್ತೆ ಓದಿದೆ. ನನ್ನ ತಂದೆ ತೀರಿಕೊಂಡ ರಾತ್ರಿ ಮನೆ ತುಂಬ ಜನ. ಸಮಾಧಾನ ಹೇಳಿದವರ ಮಾತು ಒಂದೂ ನೆನಪಿಲ್ಲ. ಎದುರುಮನೆಯ ಶಾನುಭೋಗರು ಬಂದು, “ಮೊದಲು ಡಾಕ್ಟರ ಚೀಟಿ ತೆಗೆದಿಡು. ಆಮೇಲೆ ಅಣ್ಣನಿಗೆ ತಂತಿ ಕೊಡು. ಬೆಳಗ್ಗೆ ಏಳಕ್ಕೆ ನಾನು ಬರುತ್ತೇನೆ” ಎಂದದ್ದು ನೆನಪಿದೆ. ಆ ಪುಟದ ದನಿ ಶಾನುಭೋಗರ ದನಿ. ಆದುದರಿಂದ ಈ ಆಕ್ಷೇಪವನ್ನು ನಾನು ಅರ್ಧ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅರ್ಧ ಮಾತ್ರ. ಶಾನುಭೋಗರು ಹೊರಡುವ ಮುನ್ನ ನನ್ನ ಹೆಗಲ ಮೇಲೆ ಕೈ ಇಟ್ಟಿದ್ದರು. ತಾಣಕ್ಕೆ ಕೈ ಇಲ್ಲ.

ಇನ್ನೊಂದು ಇದಕ್ಕಿಂತ ಗಹನವಾದದ್ದು. ತಿಳಿಯಾದ ಗದ್ಯ ಕಠಿಣವಾದ ಕಾನೂನನ್ನು ಮೆದು ಮಾಡಲಾರದು; ಆದರೆ ಮೆದುವಾಗಿದೆಯೆಂಬ ಭ್ರಮೆ ಹುಟ್ಟಿಸಬಲ್ಲದು. ವೀಸಾದ ಮೊದಲ ಪುಟಗಳ ನೀರಿನಂಥ ಸರಾಗವನ್ನು ನಂಬಿ ಒಳಹೊಕ್ಕವನಿಗೆ ಮುಂದೆ ಉದ್ದವಾದ ಅರ್ಜಿ ಕಾದಿರುತ್ತದೆ; ನೀವು ಭಯೋತ್ಪಾದನೆಯಲ್ಲಿ ತೊಡಗಿದ್ದುಂಟೆ ಎಂದು ನನ್ನಂಥ ಮಂಡಿನೋವಿನ ಮುದುಕನನ್ನೂ ಅದು ಕೇಳುತ್ತದೆ. ಪ್ರಶ್ನೆಯೇನೋ ಬಹಳ ಸ್ಪಷ್ಟವಾದ ಇಂಗ್ಲಿಷಿನಲ್ಲಿದೆ. ನಿಯಮ ನ್ಯಾಯವೇ ಅಲ್ಲವೇ ಎಂಬುದನ್ನು ಶೈಲಿಯ ಕೈಪಿಡಿ ಹೇಳದು. ಹೇಳುವ ಅಧಿಕಾರವೂ ಅದಕ್ಕಿಲ್ಲ. ಆದರೂ ಒಂದು ಲಾಭವುಂಟು: ಸ್ಪಷ್ಟವಾಗಿ ಬರೆದ ಅನ್ಯಾಯವನ್ನು ಎದುರಿಸಬಹುದು, ‘ನಿಗದಿತ’ವೆಂದು ಬರೆದದ್ದನ್ನು ಎದುರಿಸುವುದಾದರೂ ಹೇಗೆ?

ಬ್ರಿಟನ್ನಿನಲ್ಲಿ ಇದು ಬರಿಯ ಸದಭಿರುಚಿಯ ವಿಷಯವಾಗಿ ಉಳಿದಿಲ್ಲ. ೨೦೧೮ರ ಸೆಪ್ಟೆಂಬರ್ ೨೩ರಿಂದ ಅಲ್ಲಿ ಒಂದು ನಿಯಮ ಜಾರಿಯಲ್ಲಿದೆ. ಸಾರ್ವಜನಿಕ ಸಂಸ್ಥೆಗಳ ತಾಣಗಳನ್ನು ಅಂಗವಿಕಲರೂ ಬಳಸುವಂತಿರಬೇಕು. ಹಳೆಯ ತಾಣಗಳಿಗೆ ೨೦೨೦ರ ಸೆಪ್ಟೆಂಬರ್ ೨೩ರ ಗಡುವು ಇತ್ತು. ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಬಣ್ಣದ ಅಂತರ ಇಂತಿಷ್ಟು, ಸಾಧಾರಣ ಅಕ್ಷರಕ್ಕೆ ನಾಲ್ಕೂವರೆಗೆ ಒಂದು, ಎಂಬಷ್ಟು ಸೂಕ್ಷ್ಮವಾದ ಅಂತರರಾಷ್ಟ್ರೀಯ ಅಳತೆಗೋಲು ಇದಕ್ಕೆ ಆಧಾರ. ನನಗೆ ಮೆಚ್ಚುಗೆಯಾದ ಅಂಶ ಇನ್ನೊಂದು. ಪ್ರತಿಯೊಂದು ಸಂಸ್ಥೆಯೂ ತನ್ನ ತಾಣದಲ್ಲಿ ಎಲ್ಲೆಲ್ಲಿ ಇನ್ನೂ ತೊಡಕು ಉಳಿದಿದೆ ಎಂದು ತಾನೇ ಪಟ್ಟಿ ಮಾಡಿ ಪ್ರಕಟಿಸಬೇಕು. ನಮ್ಮ ಹಳೆಯ ಪುಸ್ತಕಗಳ ಕೊನೆಯಲ್ಲಿ ತಪ್ಪು-ಒಪ್ಪುಗಳ ಪಟ್ಟಿ ಇರುತ್ತಿತ್ತಲ್ಲ, ಹಾಗೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಸರ್ಕಾರಿ ತಾಣಗಳು ಹೇಗಿರಬೇಕೆಂಬ ಮಾರ್ಗಸೂಚಿ ದೆಹಲಿಯಲ್ಲಿ ೨೦೦೯ರಲ್ಲಿಯೇ ಹೊರಟಿತು. ೨೦೨೩ರಲ್ಲಿ ಅದರ ಮೂರನೆಯ ಆವೃತ್ತಿ ಬಂದಿದೆ. ಅಂಗವಿಕಲರ ಹಕ್ಕುಗಳ ಕಾಯಿದೆ ೨೦೧೬ರದು. ೨೦೨೪ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಇಂಥ ಮಾನದಂಡಗಳು ಬರಿಯ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾದ ನಿಯಮ ಬೇಕೆಂದು ಹೇಳಿತು. ೨೦೨೫ರ ಏಪ್ರಿಲ್ ೩೦ರಂದು ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಈ ಯಂತ್ರಜಾಲದ ಸೇವೆಗಳನ್ನು ಪಡೆಯುವುದು ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪಿತ್ತಿತು. ತೀರ್ಪಿನ ಸುದ್ದಿಯನ್ನು ಪಂಡಿತರು ಫೋನಿನಲ್ಲಿ ಕೇಳಿ ನನಗೆ ಹೇಳಿದರು: “ನಾನು ಬದುಕಿದ್ದೇನೆಂದು ಪ್ರಮಾಣ ಕೊಡಲು ಹೋದದ್ದಕ್ಕೆ ಸರಿಯಾದ ವಿಧಿಯನ್ನೇ ಹಿಡಿದಿದ್ದಾರೆ.”

ಕಳೆದ ತಿಂಗಳು ನಾವಿಬ್ಬರೂ ಕುಳಿತು ಆ ಸುತ್ತೋಲೆಯನ್ನು ಹೊಸದಾಗಿ ಬರೆದೆವು. ಎರಡು ಸಂಜೆ ಹಿಡಿಯಿತು. ‘೩೦-೧೧’ ಎಂದು ಬರೆದರೆ ಫೋನು ‘ಮೂವತ್ತು ಮೈನಸ್ ಹನ್ನೊಂದು’ ಎನ್ನುತ್ತದೆ. ಆದುದರಿಂದ ‘ನವೆಂಬರ್ ೩೦’ ಎಂದೇ ಬರೆಯಬೇಕು ಎಂಬುದು ಅವರಿಂದ ಕಲಿತ ಪಾಠ. ‘ಜೀವಂತ ಪ್ರಮಾಣ ಪತ್ರ’ವನ್ನು ಬಿಡಬೇಕೆಂದು ನಾನು, ಜನ ಅದೇ ಹೆಸರಿನಿಂದ ಕೇಳುತ್ತಾರಾದ್ದರಿಂದ ಇರಬೇಕೆಂದು ಅವರು, ಅವರೇ ಗೆದ್ದರು. ಕೊನೆಗೆ ಉಳಿದದ್ದು ಆರು ವಾಕ್ಯ: ಏನು ಕೊಡಬೇಕು, ಯಾರಿಗೆ, ಯಾವ ದಿನದೊಳಗೆ, ಮನೆಯಿಂದಲೇ ಕೊಡುವುದು ಹೇಗೆ, ತಡವಾದರೆ ಏನಾಗುತ್ತದೆ, ಯಾರನ್ನು ಕೇಳಬೇಕು. ಫೋನಿನಿಂದ ಮೂರು ಸಲ ಓದಿಸಿ ಕೇಳಿದರು. ನಾಲ್ಕನೆಯ ವಾಕ್ಯದ ಒಂದು ‘ಮತ್ತು’ ತೆಗೆಸಿದರು. ಆಮೇಲೆ ಆ ಕಚೇರಿಗೆ, ವಿನಯಪೂರ್ವಕವಾದ ಒಂದು ಪತ್ರದೊಡನೆ ಕಳುಹಿಸಿದೆವು.

ಮೂರು ವಾರಕ್ಕೆ ಉತ್ತರ ಬಂದಿತು. ಪಂಡಿತರು ಬೆರಳಿಟ್ಟರು. “ಚಿತ್ರ” ಎಂದಿತು ಫೋನು. ನಾನು ಕನ್ನಡಕ ಹಾಕಿಕೊಂಡು ಓದಿದೆ: ಸದರಿ ಪತ್ರವನ್ನು ಮುಂದಿನ ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟ ಶಾಖೆಗೆ ರವಾನಿಸಲಾಗಿದೆ.

“ಯಾವ ಶಾಖೆ?” ಎಂದರು ಪಂಡಿತರು.

ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಹುಡುಕಿದೆ. ಹೆಸರಿರಲಿಲ್ಲ. ಸೋಮವಾರ ಹತ್ತು ಗಂಟೆಗೆ ಆಟೋಗೆ ಹೇಳಿದ್ದೇವೆ.